ಮೆದುಳಿನ ಗಡ್ಡೆಗೆ ಗುರಿಯಿಟ್ಟು ಕೊಡುವ ರೇಡಿಯೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರೇಡಿಯೇಷನ್ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್. ಗಡ್ಡೆಗೆ ಎಷ್ಟು ಡೋಸ್ ಬೀಳಬೇಕು, ಪಕ್ಕದ ನರಕ್ಕೆ ಎಷ್ಟು ಮಾತ್ರ ಬೀಳಬಹುದು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ರೋಗಿಗಳು ಮತ್ತು ಮನೆಯವರು ಕಾರಿಡಾರ್‌ನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನಿಮ್ಮ ಸ್ಕ್ಯಾನ್ ನೋಡಿರುವ ಡಾಕ್ಟರ ಮಾತೇ ಕೊನೆಯ ಮಾತು. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಾಗಲಿ ಅನ್ನುವುದಕ್ಕೆ ಇದು.

## ಮೊದಲು ಕೇಳುವ ಪ್ರಶ್ನೆಗಳು

ಗಾಮಾ ನೈಫ್ ಅಂದ್ರೆ ಚಾಕು ಹಾಕ್ತಾರಾ? ತಲೆ ಕೊಯ್ತಾರಾ?

ಇಲ್ಲ. ಗಾಮಾ ನೈಫ್ ಅನ್ನುವುದು ರೇಡಿಯೇಷನ್ ಕೊಡುವ ಒಂದು ಯಂತ್ರದ ಹೆಸರು. ಚಾಕು ಇಲ್ಲ, ಹೊಲಿಗೆ ಇಲ್ಲ, ತಲೆಬುರುಡೆ ತೆರೆಯುವುದೂ ಇಲ್ಲ. ಹೊರಗಿನಿಂದ ಬರುವ ಸಣ್ಣ ಸಣ್ಣ ಕಿರಣಗಳು ಒಳಗಿನ ಒಂದು ಜಾಗದಲ್ಲಿ ಬಂದು ಸೇರುತ್ತವೆ, ಅಷ್ಟೇ. ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಇದಕ್ಕೆ ರೇಡಿಯೋಸರ್ಜರಿ ಅಂತ ಹೆಸರಿಟ್ಟರು. ಮೆದುಳಿನ ಆಳಕ್ಕೆ ಕೈ ಹಾಕಿದರೆ ದಾರಿಯಲ್ಲಿರುವ ಒಳ್ಳೆಯ ಭಾಗಕ್ಕೂ ಪೆಟ್ಟು ಬೀಳುತ್ತದೆ ಅಲ್ವಾ? ಅದನ್ನು ತಪ್ಪಿಸುವ ದಾರಿ ಹುಡುಕುತ್ತಿದ್ದವರು ಅವರು. ಮೊದಲ ಗಾಮಾ ನೈಫ್ ಯಂತ್ರ ಸ್ಟಾಕ್‌ಹೋಮ್‌ನಲ್ಲಿ 1960ರ ದಶಕದ ಕೊನೆಗೆ ಕೆಲಸ ಶುರು ಮಾಡಿತು.

ಈ ಹೆಸರಿನಿಂದ ಇನ್ನೊಂದು ಗೊಂದಲವೂ ಆಗುತ್ತದೆ. ಚಾಕು ಅಂದ ಮೇಲೆ ಗಡ್ಡೆಯನ್ನು ತೆಗೆದುಬಿಡುತ್ತಾರೆ, ಸಂಜೆಗೆ ಅದು ಇರುವುದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಗಡ್ಡೆ ಅಲ್ಲೇ ಇರುತ್ತದೆ. ಅದರ ಜೀವಕೋಶಗಳ ಒಳಗಿನ ಡಿಎನ್‌ಎ ತುಂಡಾಗಿ, ಅವು ಮತ್ತೆ ಒಡೆದು ಎರಡಾಗುವ ಶಕ್ತಿ ಕಳೆದುಕೊಳ್ಳುತ್ತವೆ. ಗಡ್ಡೆಗೆ ರಕ್ತ ಕೊಡುವ ಸಣ್ಣ ನಾಳಗಳೂ ನಿಧಾನವಾಗಿ ಮುಚ್ಚಿಕೊಳ್ಳುತ್ತವೆ. ಈ ಚಿಕಿತ್ಸೆ ಬೆಳವಣಿಗೆಯನ್ನು ನಿಲ್ಲಿಸುವುದಕ್ಕೆ. ಇದೊಂದು ಮಾತು ಮೊದಲೇ ಮನಸ್ಸಿಗೆ ಹೋದರೆ ಆಮೇಲಿನ ಅರ್ಧ ಗಾಬರಿ ಕಮ್ಮಿಯಾಗುತ್ತದೆ.

ಕರೆಂಟ್ ಕೊಡೋದು ಅಂತಾರಲ್ಲ, ಅದೇನಾ ಇದು?

ಜಾತಿ ಒಂದೇ, ರೀತಿ ಬೇರೆ. ಜನ ಕರೆಂಟ್ ಅನ್ನುವುದು ಸಾಮಾನ್ಯ ರೇಡಿಯೇಷನ್‌ಗೆ. ಅದರಲ್ಲಿ ವಿದ್ಯುತ್ ಶಾಕ್ ಏನೂ ಇರುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಡೋಸ್, ವಾರಕ್ಕೆ 5 ದಿನ, ಕೆಲವು ವಾರ. ಗಡ್ಡೆಯ ಸುತ್ತ ಒಂದಿಷ್ಟು ಒಳ್ಳೆಯ ಜಾಗವೂ ಅದರ ವ್ಯಾಪ್ತಿಗೆ ಬರುತ್ತದೆ. ಪ್ರತಿ ದಿನದ ನಡುವಿನ ಬಿಡುವಿನಲ್ಲಿ ಆ ಒಳ್ಳೆಯ ಭಾಗ ಸುಧಾರಿಸಿಕೊಳ್ಳುತ್ತದೆ.

ರೇಡಿಯೋಸರ್ಜರಿಯಲ್ಲಿ ಒಂದೇ ದಿನ, ಇಲ್ಲವೇ 3ರಿಂದ 5 ದಿನ. ಡೋಸ್ ಜಾಸ್ತಿ, ಗುರಿ ಸಣ್ಣದು, ಅಂಚು ಚೂಪು. ಒಳ್ಳೆಯ ಭಾಗವನ್ನು ಇಲ್ಲಿ ಕಾಪಾಡುವುದು ಗುರಿಯ ನಿಖರತೆ. ಮಿಲಿಮೀಟರ್‌ಗಿಂತ ಕಮ್ಮಿ ತಪ್ಪಿಗೆ ಮಾತ್ರ ಜಾಗ.

ಅಷ್ಟೊಂದು ರೇಡಿಯೇಷನ್ ಒಂದೇ ಸಲ ಕೊಟ್ರೆ ಮೆದುಳು ಸುಟ್ಟುಹೋಗಲ್ವಾ?

ಈಗಿನ ಗಾಮಾ ನೈಫ್‌ನಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಲೋಹದ 192 ಮೂಲಗಳಿವೆ. ಒಂದೊಂದು ಕಿರಣವೂ ಬಡಕಲು. ದಾರಿಯಲ್ಲಿ ಸಿಕ್ಕ ಮೆದುಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಎಲ್ಲವೂ ಒಂದೇ ಜಾಗದಲ್ಲಿ ಸೇರಿದಾಗ ಮಾತ್ರ ಅಲ್ಲಿ ಬಲ ಬರುತ್ತದೆ. ಕತ್ತಲಲ್ಲಿ ಬಾವಿಕಟ್ಟೆಯ ಸುತ್ತ ನೂರಾರು ಜನ ನಿಂತು ಒಂದೇ ಬಿಂದಿಗೆಗೆ ಟಾರ್ಚ್ ಬಿಟ್ಟರೆ ಬಿಂದಿಗೆ ಫಳಫಳ ಅನ್ನುತ್ತದೆ, ಒಬ್ಬೊಬ್ಬರ ಟಾರ್ಚಿನ ದಾರಿ ಮಂಕಾಗಿಯೇ ಇರುತ್ತದೆ. ಹಾಗೆ ಇದು. ಗಡ್ಡೆಯ ಅಂಚು ದಾಟಿ ಕೆಲವೇ ಮಿಲಿಮೀಟರ್ ಆಚೆ ಹೋದರೆ ಡೋಸ್ ಅರ್ಧಕ್ಕೆ ಇಳಿದಿರುತ್ತದೆ.

ಹಾಗಂತ ಪಕ್ಕದ ಜಾಗಕ್ಕೆ ಸೊನ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವಲ್ಪ ಬೀಳುತ್ತದೆ. ಅದು ಎಷ್ಟು, ಯಾವ ಭಾಗಕ್ಕೆ ಅನ್ನುವುದೇ ನಮ್ಮ ಇಡೀ ಲೆಕ್ಕ.

ಇದು ಕ್ಯಾನ್ಸರ್‌ಗೆ ಮಾತ್ರಾನಾ?

ಅಲ್ಲ. ಕ್ಯಾನ್ಸರ್ ಅಲ್ಲದ ಗಡ್ಡೆಗಳಿಗೂ ಇದನ್ನು ತುಂಬಾ ಬಳಸುತ್ತಾರೆ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ, ಕಿವಿ ನರದ ಗಡ್ಡೆ, ಪಿಟ್ಯುಟರಿ ಗ್ರಂಥಿಯ ಗಡ್ಡೆ, ಇವೆಲ್ಲ ಆ ಸಾಲಿನವು. ಬೇರೆ ಅಂಗದ ಕ್ಯಾನ್ಸರ್ ಮೆದುಳಿಗೆ ಹರಡಿದಾಗಲೂ ಕೊಡುತ್ತಾರೆ. ಗಡ್ಡೆಯೇ ಅಲ್ಲದ ತೊಂದರೆಗಳೂ ಇವೆ. ರಕ್ತನಾಳಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡ ಎವಿಎಂ ಒಂದು. ಮುಖಕ್ಕೆ ಮಿಂಚು ಹೊಡೆದ ಹಾಗೆ ನೋವು ಬರುವ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇನ್ನೊಂದು. ಆದ್ದರಿಂದ 'ರೇಡಿಯೇಷನ್ ಬರೆದುಕೊಟ್ಟರು' ಅಂದ ತಕ್ಷಣ 'ಕ್ಯಾನ್ಸರ್ ಅಂತೆ' ಅಂತ ಮನೆಯಲ್ಲಿ ಅಳುವ ಮೊದಲು ಕಾಯಿಲೆಯ ಹೆಸರು ಕೇಳಿ ತಿಳಿದುಕೊಳ್ಳಿ.

ಅಪ್ಪನ ಗಡ್ಡೆ ದೊಡ್ಡದಿದೆ, ಇದು ಬೇಡ ಅಂದ್ರು. ಯಾಕೆ?

ಒಂದೇ ಸಲದ ಚಿಕಿತ್ಸೆಗೆ ಸಾಮಾನ್ಯವಾಗಿ 3 ಸೆಂಟಿಮೀಟರ್‌ವರೆಗಿನ ಗಡ್ಡೆ ಚೆನ್ನಾಗಿ ಒಗ್ಗುತ್ತದೆ. ಗಡ್ಡೆ ದೊಡ್ಡದಾದಷ್ಟೂ ಅಂಚಿನ ಆಚೆ ಚೆಲ್ಲುವ ಡೋಸ್ ಜಾಸ್ತಿಯಾಗುತ್ತದೆ, ಊತದ ಅಪಾಯವೂ ಏರುತ್ತದೆ. ಇನ್ನೊಂದು ಕಾರಣ ಸಮಯ. ದೊಡ್ಡ ಗಡ್ಡೆ ಈಗಲೇ ಮೆದುಳನ್ನು ಒತ್ತುತ್ತಿದ್ದರೆ, ಕೈಕಾಲು ಸೋಲುತ್ತಿದ್ದರೆ, ನೀರು ತುಂಬಿಕೊಳ್ಳುತ್ತಿದ್ದರೆ ಆ ಒತ್ತಡ ಇವತ್ತೇ ಇಳಿಯಬೇಕು. ರೇಡಿಯೇಷನ್‌ಗೆ ಅಷ್ಟು ಬೇಗ ಒತ್ತಡ ಇಳಿಸಲು ಬರುವುದಿಲ್ಲ, ಆಪರೇಷನ್‌ಗೆ ಬರುತ್ತದೆ. ಆಪರೇಷನ್ ಮಾಡಿ, ಉಳಿದ ಚೂರಿಗೆ ಅಥವಾ ಖಾಲಿಯಾದ ಜಾಗದ ಗೋಡೆಗೆ ಆಮೇಲೆ ರೇಡಿಯೇಷನ್ ಕೊಡುವುದುಂಟು. ಕೆಲವರಿಗೆ ಡೋಸನ್ನು 3 ಅಥವಾ 5 ದಿನಕ್ಕೆ ಹಂಚಿ ಕೊಡುತ್ತಾರೆ. 'ಬೇಡ' ಅಂದಿದ್ದು ಒಂದೇ ಸಲದ್ದಕ್ಕೋ, ಪೂರ್ತಿ ಬೇಡವೋ ಅಂತ ಕೇಳಿ.

## ಆ ದಿನದ ಬಗ್ಗೆ

ತಲೆಗೆ ಸ್ಕ್ರೂ ಹಾಕ್ತಾರಂತೆ, ನಿಜಾನಾ? ತುಂಬಾ ನೋಯುತ್ತಾ?

ತಲೆ ಕದಲದಂತೆ ಹಿಡಿಯುವ ಫ್ರೇಮ್ ಹಾಕುವುದಾದರೆ ನಿಜ. ಹಣೆಯಲ್ಲಿ ಎರಡು, ಹಿಂದೆ ಎರಡು, ಒಟ್ಟು 4 ಪಿನ್. ಮೊದಲು ಆ ನಾಲ್ಕು ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಆ ದಿನದಲ್ಲಿ ಉರಿಯುವುದು ಅದೇ ಅಂತ ಹೆಚ್ಚಿನವರು ಹೇಳುತ್ತಾರೆ. ಪಿನ್ ಬಿಗಿ ಮಾಡುವಾಗ ನೋವಿಗಿಂತ ಒತ್ತಡ ಗೊತ್ತಾಗುತ್ತದೆ. ತಲೆಯನ್ನು ಯಾರೋ ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿದ ಹಾಗೆ. ಹತ್ತು ಹದಿನೈದು ನಿಮಿಷದಲ್ಲಿ ಅದು ಒಗ್ಗಿಹೋಗುತ್ತದೆ. ಪಿನ್ ಬುರುಡೆಯ ಒಳಗೆ ಹೋಗುವುದಿಲ್ಲ, ಮೂಳೆಯ ಹೊರಮೈಯನ್ನು ಕಚ್ಚಿ ನಿಲ್ಲುತ್ತದೆ.

ಸಂಜೆ ಫ್ರೇಮ್ ಬಿಚ್ಚುವಾಗ ಒಂದು ಕ್ಷಣ ತಲೆಗೆ ರಕ್ತ ನುಗ್ಗಿದಂತೆ ನೋವಾಗಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪಿನ್ ಇದ್ದ ಜಾಗದಲ್ಲಿ ಒಂದೆರಡು ಹನಿ ರಕ್ತ ಬರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಮರುದಿನ ಹಣೆ, ರೆಪ್ಪೆ ಊದಿಕೊಂಡರೆ ಹೆದರಬೇಡಿ, ಇಂಜೆಕ್ಷನ್ನಿನ ನೀರು ಕೆಳಗಿಳಿದಿರುತ್ತದೆ.

ಎಲ್ಲರಿಗೂ ಫ್ರೇಮ್ ಬೇಕಿಲ್ಲ. ಬಿಸಿ ನೀರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ, ಅಚ್ಚು ತೆಗೆದು, ಮಾಸ್ಕ್ ಮಾಡಿಯೂ ಕೊಡುತ್ತಾರೆ. ಹಲವು ದಿನಕ್ಕೆ ಹಂಚಿದ ಚಿಕಿತ್ಸೆಗೆ ಮಾಸ್ಕೇ ವಾಸಿ.

ಫ್ರೇಮ್ ಹಾಕಿ ಸ್ಕ್ಯಾನ್ ಮಾಡಿದ ಮೇಲೆ ಎರಡು ಮೂರು ಗಂಟೆ ಸುಮ್ನೆ ಕೂರಿಸಿದ್ರು. ಅಷ್ಟು ಹೊತ್ತು ಏನ್ ಮಾಡ್ತಾರೆ?

ಆ ಹೊತ್ತೇ ಚಿಕಿತ್ಸೆಯ ಜೀವಾಳ. ನೀವು ಹೊರಗೆ ಕೂತಿರುವಾಗ ನಾವು ಒಳಗೆ ನಿಮ್ಮ ತಲೆಯನ್ನು ಪರದೆಯ ಮೇಲೆ 1 ಮಿಲಿಮೀಟರ್ ದಪ್ಪದ ಹೋಳುಗಳಾಗಿ ನೋಡುತ್ತಿರುತ್ತೇವೆ. ಡಾಕ್ಟರು ಪ್ರತಿ ಹೋಳಿನಲ್ಲೂ ಗಡ್ಡೆಯ ಅಂಚನ್ನು ಕೈಯಿಂದ ಗೆರೆ ಎಳೆದು ಗುರುತಿಸುತ್ತಾರೆ. ಆಮೇಲೆ ಕಣ್ಣಿನ ನರ, ಮೆದುಳಿನ ಕಾಂಡ, ಒಳಕಿವಿ, ಹೀಗೆ ಮುಟ್ಟಬಾರದ್ದನ್ನೆಲ್ಲ ಗುರುತಿಸುತ್ತಾರೆ. ಗಾಮಾ ನೈಫ್‌ನಲ್ಲಿ ಕಿರಣಗಳು ಸೇರಿ 4, 8 ಮತ್ತು 16 ಮಿಲಿಮೀಟರ್ ಅಳತೆಯ ಡೋಸಿನ ಗುಂಡುಗಳಾಗುತ್ತವೆ. ಅವನ್ನು ನಾವು ಶಾಟ್ ಅನ್ನುತ್ತೇವೆ. ಗಡ್ಡೆ ಎಂದೂ ದುಂಡಗಿರುವುದಿಲ್ಲ. ಒಂದು ಕಡೆ ಬಾಲ, ಇನ್ನೊಂದು ಕಡೆ ಉಬ್ಬು. ದೊಡ್ಡ ಗುಂಡು, ಸಣ್ಣ ಗುಂಡು ಜೋಡಿಸುತ್ತಾ ಆ ಆಕಾರವನ್ನು ತುಂಬಬೇಕು.

ಒಂದು ಪಿಟ್ಯುಟರಿ ಗಡ್ಡೆ ಇನ್ನೂ ಕಣ್ಣಮುಂದಿದೆ. ಅದಕ್ಕೂ ಕಣ್ಣಿನ ನರಕ್ಕೂ ನಡುವೆ ಇದ್ದದ್ದು 3 ಮಿಲಿಮೀಟರ್. ಆ ನರಕ್ಕೆ 8 ಗ್ರೇ (ಡೋಸಿನ ಅಳತೆ) ದಾಟಬಾರದು ಅಂತ ಡಾಕ್ಟರು ಹೇಳಿದ್ದರು. ಮೊದಲ ಲೆಕ್ಕದಲ್ಲಿ 10 ಬಂತು. ಒಂದು ಗುಂಡನ್ನು ಅರ್ಧ ಮಿಲಿಮೀಟರ್ ಕೆಳಗಿಳಿಸಿದೆ, ನರ ಉಳಿಯಿತು, ಗಡ್ಡೆಯ ಮೇಲಿನ ಮೂಲೆ ಬರಿದಾಯಿತು. ಅಲ್ಲಿಗೊಂದು 4ರ ಗುಂಡು ಇಟ್ಟೆ, ನರ ಮತ್ತೆ 9ಕ್ಕೆ ಏರಿತು. ಹೀಗೇ ಎರಡು ಗಂಟೆ. ಹೊರಗೆ ಅವರ ಮಗ ಮೂರು ಸಲ ಬಾಗಿಲು ತಟ್ಟಿದ. ಬೇಜಾರಾಗಿ ಬೈದರೂ ಸರಿ, ಆ ಹೊತ್ತನ್ನು ಮಾತ್ರ ನಮಗೆ ಬಿಡಿ.

ಯಂತ್ರದೊಳಗೆ ಒಬ್ಬರೇ ಇರ್ಬೇಕಾ? ಉಸಿರು ಕಟ್ಟುತ್ತೇನೋ ಅಂತ ಭಯ.

ಕೋಣೆಯಲ್ಲಿ ಒಬ್ಬರೇ. ಆದರೆ ಕ್ಯಾಮೆರಾದಲ್ಲಿ ನಾವು ನೋಡುತ್ತಲೇ ಇರುತ್ತೇವೆ, ಮೈಕಿನಲ್ಲಿ ಮಾತಾಡಬಹುದು, ಬೇಕೆಂದಾಗ ನಿಲ್ಲಿಸಬಹುದು. ಅರ್ಧ ಗಂಟೆಯಿಂದ ಒಂದೆರಡು ಗಂಟೆ, ಕೆಲವರಿಗೆ ಅದಕ್ಕೂ ಜಾಸ್ತಿ. ಕಿರಣ ಗೊತ್ತಾಗುವುದಿಲ್ಲ, ಬಿಸಿಯೂ ಇಲ್ಲ, ನೋವೂ ಇಲ್ಲ. ಮುಚ್ಚಿದ ಜಾಗ ಕಂಡರೆ ಆಗದವರು ಮೊದಲೇ ಹೇಳಿದರೆ ಮನಸ್ಸು ಹಗುರ ಮಾಡುವ ಮಾತ್ರೆ ಕೊಡುತ್ತಾರೆ. ಸಣ್ಣ ಮಕ್ಕಳಿಗೆ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಪೇಸ್‌ಮೇಕರ್, ಮೈಯಲ್ಲಿ ಲೋಹ, ಕಿಡ್ನಿ ತೊಂದರೆ, ಗರ್ಭಿಣಿಯಾಗಿರುವ ಸಾಧ್ಯತೆ, ಇವನ್ನು ಯಾರೂ ಕೇಳದಿದ್ದರೂ ನೀವೇ ಹೇಳಿ.

ಮನೆಗೆ ಬಂದ್ಮೇಲೆ ಮಗುವನ್ನ ಎತ್ಕೋಬಹುದಾ?

ಆ ಸಂಜೆಯೇ ಎತ್ತಿಕೊಳ್ಳಿ. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ, ಹಾಗೆ.

ಕೂದಲು ಪೂರ್ತಿ ಹೋಗುತ್ತಾ?

ಇಲ್ಲ, ತಲೆ ಬೋಳಿಸುವುದೂ ಬೇಡ. ಗಡ್ಡೆ ನೆತ್ತಿಯ ಚರ್ಮಕ್ಕೆ ತೀರಾ ಹತ್ತಿರವಿದ್ದರೆ ಮಾತ್ರ ಅಲ್ಲೊಂದು ಬಿಲ್ಲೆಯಷ್ಟು ಜಾಗದಲ್ಲಿ ಉದುರಬಹುದು. ಸಾಮಾನ್ಯವಾಗಿ ಮತ್ತೆ ಬರುತ್ತದೆ.

## ಮನೆಗೆ ಬಂದ ಮೇಲೆ

ಆರು ತಿಂಗಳಾಯ್ತು, ಸ್ಕ್ಯಾನ್‌ನಲ್ಲಿ ಗಡ್ಡೆ ಹಾಗೇ ಇದೆ. ಫೇಲ್ ಆಯ್ತಾ?

ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಇದೇ ಇರುತ್ತದೆ. ಉತ್ತರ: ಹಾಗೇ ಇದ್ದರೆ ಅದು ಒಳ್ಳೆಯ ಸುದ್ದಿ. ಮೆನಿಂಜಿಯೋಮಾ, ಕಿವಿ ನರದ ಗಡ್ಡೆಯಂಥವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಂಥವು. ಅವುಗಳ ಜೀವಕೋಶಕ್ಕೆ ಪೆಟ್ಟು ಬಿದ್ದದ್ದು ಗೊತ್ತಾಗುವುದು ಅದು ಒಡೆಯಲು ಹೊರಟಾಗ. ಒಡೆಯುವುದೇ ಅಪರೂಪ ಅಂದರೆ ಸಾಯುವುದೂ ನಿಧಾನ. ಕೆಲವು ಗಡ್ಡೆಗಳು ಎರಡು ಮೂರು ವರ್ಷದಲ್ಲಿ ಸಣ್ಣಗಾಗುತ್ತವೆ, ಕೆಲವು ಜೀವನಪೂರ್ತಿ ಅದೇ ಅಳತೆಯಲ್ಲಿ ಸುಮ್ಮನೆ ಕೂತಿರುತ್ತವೆ. ಎರಡೂ ಗೆಲುವೇ. ಕಿವಿ ನರದ ಗಡ್ಡೆಯಲ್ಲಿ 10ರಲ್ಲಿ 9ಕ್ಕೂ ಹೆಚ್ಚು ಜನರಿಗೆ ಬೆಳವಣಿಗೆ ನಿಲ್ಲುತ್ತದೆ. ಆದರೆ ಇದ್ದ ಕೇಳುವಿಕೆ ಎಲ್ಲರಿಗೂ ಉಳಿಯುವುದಿಲ್ಲ, ವರ್ಷ ಕಳೆದಂತೆ ಕಮ್ಮಿಯಾಗಬಹುದು. ಅದನ್ನೂ ತಿಳಿದಿರಬೇಕು.

ಇನ್ನೂ ಒಂದು ಮಾತು. ಅದೇ ಕಿವಿ ನರದ ಗಡ್ಡೆ 6ರಿಂದ 18 ತಿಂಗಳ ನಡುವೆ ಸ್ವಲ್ಪ ಊದಿಕೊಂಡು, ನಡುವೆ ಕಪ್ಪಾಗಿ ಕಾಣಿಸಿ, ಆಮೇಲೆ ಇಳಿಯುವುದು ಮಾಮೂಲು. ರಿಪೋರ್ಟಿನಲ್ಲಿ 'ಗಾತ್ರ ಹೆಚ್ಚಿದೆ' ಅಂತ ಬರೆದಿದ್ದನ್ನು ಓದಿ, ಆ ವಾರವೇ ಆಪರೇಷನ್‌ಗೆ ಓಡಿದವರನ್ನು ನೋಡಿದ್ದೇನೆ. ರೇಡಿಯೇಷನ್ ಕೊಟ್ಟ ತಂಡಕ್ಕೆ ಒಮ್ಮೆ ತೋರಿಸದೆ ಅಂಥ ನಿರ್ಧಾರ ತೆಗೆದುಕೊಳ್ಳಬೇಡಿ.

ಎವಿಎಂಗೆ ಮಾಡಿಸಿದ್ವಿ. ಇನ್ನು ರಕ್ತಸ್ರಾವದ ಭಯ ಇಲ್ಲ ತಾನೆ?

ಇದೆ. ಇದನ್ನು ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ. ರಕ್ತನಾಳದ ಒಳಗೋಡೆ ದಪ್ಪವಾಗುತ್ತಾ ಬಂದು ಆ ಸಿಕ್ಕು ಪೂರ್ತಿ ಮುಚ್ಚಲು 2ರಿಂದ 3 ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ವರ್ಷಕ್ಕೆ ಸುಮಾರು 2ರಿಂದ 4 ಶೇಕಡಾ ರಕ್ತಸ್ರಾವದ ಅಪಾಯ ಮೊದಲಿನ ಹಾಗೇ ಇರುತ್ತದೆ. ಸಣ್ಣ ಎವಿಎಂಗಳಲ್ಲಿ 100ಕ್ಕೆ 70ರಿಂದ 80 ಪೂರ್ತಿ ಮುಚ್ಚುತ್ತವೆ. ಮುಚ್ಚಿದೆ ಅಂತ ಖಾತ್ರಿ ಮಾಡಲು ಕೊನೆಗೆ ಆಂಜಿಯೋಗ್ರಾಂ ಮಾಡುತ್ತಾರೆ. 'ಆರಾಮಾಗಿದ್ದೀನಲ್ಲ' ಅಂತ ಅದನ್ನು ಬಿಟ್ಟುಬಿಡಬೇಡಿ.

ಮುಖದ ನೋವಿಗೆ ಮಾಡಿಸಿದ್ವಿ, ಮರುದಿನವೂ ನೋವು ಇದೆ. ಮಾತ್ರೆ ಬಿಡಬಹುದಾ?

ಬಿಡಬೇಡಿ. ನೋವು ಇಳಿಯಲು ಕೆಲವು ವಾರದಿಂದ ಕೆಲವು ತಿಂಗಳು ಬೇಕು. ಇಳಿದ ಮೇಲೂ ಡಾಕ್ಟರು ಹೇಳಿದ ಹಾಗೆ ಮೆಲ್ಲಮೆಲ್ಲಗೆ ಕಮ್ಮಿ ಮಾಡಬೇಕು. ಕೆಲವರಿಗೆ ಆ ಕಡೆಯ ಕೆನ್ನೆ ಮರಗಟ್ಟಿದ ಹಾಗೆ ಆಗುತ್ತದೆ.

ಫಿಟ್ಸ್ ಮಾತ್ರೆಗೂ, ಊತಕ್ಕೆ ಕೊಡುವ ಡೆಕ್ಸಾಮೆಥಸೋನ್‌ಗೂ ಇದೇ ಮಾತು. ದಿನಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡ್ ಒಮ್ಮೆಲೇ ನಿಲ್ಲಿಸಿದರೆ ಮೈ ತಾನೇ ಮಾಡಿಕೊಳ್ಳಬೇಕಾದ ಹಾರ್ಮೋನ್ ಸಾಲದೆ ಜನ ಕುಸಿದುಬೀಳುತ್ತಾರೆ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಹಿಂದೆಂದೂ ಇಲ್ಲದ ಜೋರು ತಲೆನೋವು, ನಿಲ್ಲದ ವಾಂತಿ, ಹೊಸದಾಗಿ ಬಂದ ಫಿಟ್ಸ್, ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಮಂಪರು. ಬೆಳಗಾಗಲಿ ಅಂತ ಕಾಯಬೇಡಿ.

## ಇನ್ನೂ ಆಳಕ್ಕೆ ಕೇಳುವವರಿಗೆ

ಗಾಮಾ ನೈಫ್, ಸೈಬರ್‌ನೈಫ್, ಲಿನಾಕ್, ಪ್ರೋಟಾನ್. ಯಾವುದು ಬೆಸ್ಟ್?

ಗಾಮಾ ನೈಫ್‌ನಲ್ಲಿ ಕೋಬಾಲ್ಟ್ ಮೂಲಗಳು ತಲೆಯ ಸುತ್ತ ತಿರುಗುವುದಿಲ್ಲ, ರೋಗಿಯ ಮಂಚ ಕದಲುತ್ತದೆ. ಇದು ಹುಟ್ಟಿದ್ದೇ ಮೆದುಳಿಗಾಗಿ. ಸೈಬರ್‌ನೈಫ್ ಅಂದರೆ ರೋಬೋಟ್ ತೋಳಿನ ಮೇಲೆ ಕೂರಿಸಿದ ಸಣ್ಣ ಎಕ್ಸ್‌ರೇ ಯಂತ್ರ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಜಾನ್ ಆಡ್ಲರ್ ರೂಪಿಸಿದ್ದು. ಲೆಕ್ಸೆಲ್ ಬಳಿ ಕಲಿತವರು ಅವರು. ನಡುನಡುವೆ ಎಕ್ಸ್‌ರೇ ತೆಗೆದು ತಲೆ ಕದಲಿದ್ದರೆ ತೋಳು ಸರಿಮಾಡಿಕೊಳ್ಳುತ್ತದೆ, ಹಾಗಾಗಿ ಫ್ರೇಮ್ ಬೇಡ. ಮೈಯ ಬೇರೆ ಭಾಗಕ್ಕೂ ಬಳಸಬಹುದು. ಲಿನಾಕ್ ಸಾಮಾನ್ಯ ರೇಡಿಯೇಷನ್ ಯಂತ್ರವೇ, ರೇಡಿಯೋಸರ್ಜರಿಗೆ ಬೇಕಾದ ನಿಖರತೆ ಇರುವಂಥದ್ದು. ಪ್ರೋಟಾನ್ ಬೇರೆಯದೇ ಬಗೆ. ಅದು ನಿಗದಿತ ಆಳಕ್ಕೆ ಹೋಗಿ ಅಲ್ಲಿ ನಿಂತುಬಿಡುತ್ತದೆ, ಆಚೆ ದಾಟುವುದಿಲ್ಲ. ಮಕ್ಕಳಿಗೆ, ತಲೆಬುರುಡೆಯ ತಳದ ಕೆಲವು ಗಡ್ಡೆಗಳಿಗೆ ಅದರಿಂದ ಪ್ರಯೋಜನ.

ಸಣ್ಣ ಗಡ್ಡೆಗೆ ಮೊದಲ ಮೂರರಲ್ಲಿ ಯಾವುದಾದರೂ ಆದೀತು. ಯಂತ್ರದ ಹೆಸರಿಗಿಂತ ತಂಡ ಮುಖ್ಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ಇಂಥ ಗಡ್ಡೆಗೆ ನೀವು ಎಷ್ಟು ಸಲ ಮಾಡಿದ್ದೀರಿ?' ಅಂತ ಕೇಳಿ. ಸರಿಯಾದ ತಂಡ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಮಗೆ 12 ಗ್ರೇ ಕೊಟ್ರು, ಪಕ್ಕದವರಿಗೆ 20. ನಮಗ್ಯಾಕೆ ಕಮ್ಮಿ?

ಗ್ರೇ ಅಂದರೆ ಡೋಸಿನ ಅಳತೆ. ಅದು ಕಾಯಿಲೆಯ ಮೇಲೆ, ಗಾತ್ರದ ಮೇಲೆ, ನೆರೆಹೊರೆಯ ಮೇಲೆ ನಿಂತಿದೆ. ಕಿವಿ ನರದ ಗಡ್ಡೆಗೆ 12-13 ಸಾಕು, ಜಾಸ್ತಿ ಕೊಟ್ಟರೆ ಮುಖದ ನರಕ್ಕೆ ಪೆಟ್ಟು. ಹರಡಿದ ಕ್ಯಾನ್ಸರ್‌ನ ಸಣ್ಣ ಗಡ್ಡೆಗೆ 20-24 ಬೇಕಾಗುತ್ತದೆ. ಮುಖದ ನೋವಿಗೆ ನರದ ಬುಡದ ಒಂದೇ ಚುಕ್ಕಿಗೆ 80-90 ಕೊಡುತ್ತಾರೆ.

ಸಮಯದ ಬಗ್ಗೆಯೂ ಹೀಗೇ ಕೇಳುತ್ತಾರೆ. ಕೋಬಾಲ್ಟ್ ಸುಮಾರು 5 ವರ್ಷಕ್ಕೊಮ್ಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಮೂಲ ಹಳತಾದಂತೆ ಅದೇ ಡೋಸ್ ಕೊಡಲು ಹೆಚ್ಚು ಹೊತ್ತು ಬೇಕು. ಹೊತ್ತು ಜಾಸ್ತಿ ಆಯಿತು ಅಂದರೆ ಡೋಸ್ ಜಾಸ್ತಿ ಅಂತಲ್ಲ.

ಅಮ್ಮನ ತಲೆಯಲ್ಲಿ ಏಳು ಗಡ್ಡೆ ಇವೆ, ಕ್ಯಾನ್ಸರ್ ಹರಡಿದ್ದು. ಪೂರ್ತಿ ತಲೆಗೆ ಕೊಡ್ಸೋದಾ, ಒಂದೊಂದಕ್ಕೇನಾ?

ಮೊದಲು ಮೂರು ನಾಲ್ಕು ದಾಟಿದರೆ ಪೂರ್ತಿ ತಲೆಗೇ ಅನ್ನುತ್ತಿದ್ದರು. 2014ರಲ್ಲಿ ಜಪಾನಿನಿಂದ ಬಂದ ಅಧ್ಯಯನವೊಂದರಲ್ಲಿ 5ರಿಂದ 10 ಗಡ್ಡೆ ಇದ್ದವರು, 2ರಿಂದ 4 ಇದ್ದವರಷ್ಟೇ ಕಾಲ ಬದುಕಿದರು. ಇಬ್ಬರಿಗೂ ಕೊಟ್ಟದ್ದು ರೇಡಿಯೋಸರ್ಜರಿ ಮಾತ್ರ. ಈಗ ಎಣಿಕೆಗಿಂತ ಎಲ್ಲ ಗಡ್ಡೆ ಸೇರಿ ಒಟ್ಟು ಎಷ್ಟು ದೊಡ್ಡದು, ಮೈಯ ಉಳಿದ ಕಡೆ ಕಾಯಿಲೆ ಹತೋಟಿಯಲ್ಲಿದೆಯಾ, ಅಮ್ಮ ಎಷ್ಟು ಓಡಾಡುತ್ತಾರೆ ಅನ್ನುವುದನ್ನು ನೋಡುತ್ತಾರೆ. ಪೂರ್ತಿ ತಲೆಗೆ ಕೊಟ್ಟರೆ ಕಣ್ಣಿಗೆ ಕಾಣದ ಸಣ್ಣವಕ್ಕೂ ಬೀಳುತ್ತದೆ, ಆದರೆ ನೆನಪಿನ ಶಕ್ತಿ ಕುಗ್ಗುವುದು ಜಾಸ್ತಿ. ಒಂದೊಂದಕ್ಕೇ ಕೊಟ್ಟರೆ ನೆನಪು ಉಳಿಯುವ ಸಾಧ್ಯತೆ ಹೆಚ್ಚು, ಬೇರೆ ಜಾಗದಲ್ಲಿ ಹೊಸದು ಬರಬಹುದು. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸುವಂತಿಲ್ಲ. ಅಮ್ಮನಿಗೆ ಏನು ಮುಖ್ಯ ಅಂತ ಅಮ್ಮನನ್ನೇ ಕೇಳಿ. ಈ ಮಾತುಕತೆ ಎಷ್ಟೋ ಸಲ ಅವರನ್ನು ಹೊರಗೆ ಕೂರಿಸಿ ನಡೆಯುತ್ತದೆ, ಅದು ನನಗೆ ನೋವು ಕೊಡುತ್ತದೆ.

ಗ್ಲಿಯೋಬ್ಲಾಸ್ಟೋಮಾ ಅಂದ್ರು. ಇದನ್ನೇ ಕೊಟ್ಟು ಮುಗಿಸಬಾರದಾ?

ಅದು ಮೆದುಳಿನಲ್ಲೇ ಹುಟ್ಟಿ ಬೇಗ ಬೆಳೆಯುವ ಕ್ಯಾನ್ಸರ್. ಆ ಗಡ್ಡೆಗೆ ಅಂಚೇ ಇಲ್ಲ. ಸ್ಕ್ಯಾನ್‌ನಲ್ಲಿ ಕಾಣುವ ಗೆರೆಯ ಆಚೆಗೂ ಅದರ ಬೇರು ಇಳಿದಿರುತ್ತದೆ. ಅದಕ್ಕೇ ಆಪರೇಷನ್ ಆದ ಮೇಲೆ 6 ವಾರ, 30 ದಿನದ ಸಾಮಾನ್ಯ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ. ಸಾಮಾನ್ಯ ರೇಡಿಯೇಷನ್‌ಗೂ ಮೊದಲು ರೇಡಿಯೋಸರ್ಜರಿ ಸೇರಿಸಿ ಹೋಲಿಸಿ ನೋಡಿದ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಮರಳಿ ಬಂದಾಗ ಆಯ್ದ ಕೆಲವರಿಗೆ ಮಾತ್ರ ಯೋಚಿಸುತ್ತಾರೆ.

ವರ್ಷ ಆದ್ಮೇಲೆ 'ನೆಕ್ರೋಸಿಸ್ ಇರಬಹುದು, ಗಡ್ಡೆಯೂ ಇರಬಹುದು' ಅಂತ ಬರೆದಿದ್ದಾರೆ. ಏನಿದರ ಅರ್ಥ?

ರೇಡಿಯೇಷನ್ ಬಿದ್ದ ಜಾಗದಲ್ಲಿ ಅಂಗಾಂಶ ಸತ್ತು, ಸುತ್ತ ಊತ ಬಂದಿರಬಹುದು. ಅದನ್ನೇ ನೆಕ್ರೋಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಮಾಮೂಲಿ ಎಂಆರ್‌ಐಯಲ್ಲಿ ಇದೂ ಬೆಳೆಯುವ ಗಡ್ಡೆಯೂ ಒಂದೇ ಥರ ಹೊಳೆಯುತ್ತವೆ. ರಕ್ತದ ಹರಿವು ತೋರಿಸುವ ಎಂಆರ್‌ಐ, ಪೆಟ್ ಸ್ಕ್ಯಾನ್, ಒಂದೆರಡು ತಿಂಗಳು ಬಿಟ್ಟು ಮತ್ತೊಂದು ಸ್ಕ್ಯಾನ್, ಇವುಗಳಿಂದ ಸುಳಿವು ಸಿಗುತ್ತದೆ. ಕೆಲವೊಮ್ಮೆ ಚೂರು ತೆಗೆದು ನೋಡಲೇಬೇಕು. ತೊಂದರೆ ಕೊಡದಿದ್ದರೆ ಬರೀ ಗಮನಿಸುತ್ತಾರೆ. ಕೊಟ್ಟರೆ ಸ್ಟಿರಾಯ್ಡ್, ಸಾಲದಿದ್ದರೆ ಬೆವಾಸಿಜುಮ್ಯಾಬ್ ಇಂಜೆಕ್ಷನ್, ತೀರಾ ಆದರೆ ಆಪರೇಷನ್.

ಎಷ್ಟು ವರ್ಷ ಸ್ಕ್ಯಾನ್ ಮಾಡಿಸ್ತಾ ಇರಬೇಕು? ಮತ್ತೆ ಬಂದ್ರೆ ಇನ್ನೊಂದು ಸಲ ಕೊಡ್ತಾರಾ?

ಮೊದಲು ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಮುಂದೆ ಅಂತರ ಹೆಚ್ಚಾಗುತ್ತದೆ. ಆದರೆ ಪೂರ್ತಿ ನಿಲ್ಲುವುದಿಲ್ಲ. ಪಿಟ್ಯುಟರಿ ಗಡ್ಡೆಯವರಿಗೆ ಹಾರ್ಮೋನ್ ಪರೀಕ್ಷೆಯೂ ಬೇಕು, ಯಾಕೆಂದರೆ ಆ ಗ್ರಂಥಿ ಎಷ್ಟೋ ವರ್ಷದ ಮೇಲೆ ಸೋಲಬಹುದು. ರೇಡಿಯೇಷನ್‌ನಿಂದಲೇ ಹೊಸ ಕ್ಯಾನ್ಸರ್ ಹುಟ್ಟುವುದು ತೀರಾ ಅಪರೂಪ, ಆದರೂ ಸೊನ್ನೆ ಅಲ್ಲ.

ಇನ್ನೊಂದು ಸಲ ಕೊಡಬಹುದಾ ಅನ್ನುವುದು ಹಿಂದಿನ ಸಲ ಯಾವ ಜಾಗಕ್ಕೆ ಎಷ್ಟು ಬಿದ್ದಿದೆ ಅನ್ನುವುದರ ಮೇಲಿದೆ. ಎಂಟು ವರ್ಷದ ಮೇಲೆ ಬಂದವರೊಬ್ಬರು ಹಳೆಯ ಪ್ಲಾನಿನ ಪ್ರಿಂಟನ್ನು ಮಡಿಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಜೋಪಾನವಾಗಿ ತಂದಿದ್ದರು. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿತ್ತು, ಆದರೆ ಮೆದುಳಿನ ಕಾಂಡಕ್ಕೆ ಎಷ್ಟು ಬಿದ್ದಿತ್ತು ಅನ್ನುವ ಅಂಕಿ ಓದುವ ಹಾಗಿತ್ತು. ಆ ಒಂದು ಅಂಕಿಯ ಮೇಲೆ ಅವರ ಎರಡನೇ ಚಿಕಿತ್ಸೆ ಸಾಧ್ಯವಾಯಿತು. ನೀವೂ ಮನೆಗೆ ಹೋಗುವ ಮೊದಲು ಪ್ಲಾನಿನ ಪ್ರತಿ ಮತ್ತು ಸ್ಕ್ಯಾನಿನ ಸಿಡಿ ಕೇಳಿ ತೆಗೆದುಕೊಳ್ಳಿ, ಫೋನಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ.